ಜೇಮಿಯ ರೂಪಕದಲ್ಲಿ ಪಿತೃಪ್ರತ್ಯಭಿಜ್ಞೆ

ಪುರುಷನು ಸ್ತ್ರೀವೇಷವನ್ನು ಧರಿಸಿ ರಂಗದಲ್ಲಿ ನಿಲ್ಲುವುದು ಭಾರತೀಯ ನಾಟ್ಯಪರಂಪರೆಗೆ ಹೊಸತಲ್ಲ. ಭರತಮುನಿಯು ಪಾತ್ರಪ್ರಕೃತಿಯನ್ನು ಅನುರೂಪೆ, ವಿರೂಪೆ, ರೂಪಾನುಸಾರಿಣಿ ಎಂದು ಮೂರಾಗಿ ವಿಭಾಗಿಸಿ, ಪುರುಷನು ಸ್ತ್ರೀಭಾವವನ್ನು ತಾಳಿ ಅಭಿನಯಿಸುವುದನ್ನು ಮೂರನೆಯದರಲ್ಲಿ ಸೇರಿಸಿರುವನು. ಅಮರಸಿಂಹನು ಇಂತಹ ನರ್ತಕನಿಗೆ ಭ್ರೂಕುಂಸನೆಂಬ ಹೆಸರನ್ನು ಅದರ ರೂಪಾಂತರಗಳೊಡನೆ ನಾಟ್ಯವರ್ಗದಲ್ಲಿ ಕೊಟ್ಟಿರುವನು. ಭವಭೂತಿಯ ಮಾಲತೀಮಾಧವದ ಪ್ರಸ್ತಾವನೆಯಲ್ಲಿ ಸೂತ್ರಧಾರನೇ ಕಾಮಂದಕಿಯಾಗುವನು. ಮುಂದೆ ಕಥೆಯೊಳಗೆ ಮಕರಂದನು ಮಾಲತಿಯ ವೇಷದಿಂದ ನಂದನನನ್ನು ವಂಚಿಸುವನು. ಹೀಗೆ ವೇಷದ ವಿಷಯದಲ್ಲಿ ಶಾಸ್ತ್ರಕಾರರಿಗಾಗಲಿ ಕವಿಗಳಿಗಾಗಲಿ ಸಂಕೋಚವಿರಲಿಲ್ಲ. ಆದರೆ ಶಾಸ್ತ್ರದ ಅಧಿಕಾರಕ್ಕೆ ಹೊರಗಾದ ಒಂದು ಪ್ರಶ್ನೆ ಉಳಿಯುತ್ತದೆ. ಆಟ ಮುಗಿದ ಮೇಲೆ ಆ ಭ್ರೂಕುಂಸನು ಮನೆಗೆ ಹೋದಾಗ ಅವನ ತಂದೆಯು ಬಾಗಿಲನ್ನು ತೆರೆಯುವನೋ ಇಲ್ಲವೋ?

ಈ ಪ್ರಶ್ನೆಯನ್ನೇ ವಸ್ತುವಾಗಿ ಮಾಡಿಕೊಂಡ ಆಂಗ್ಲ ರೂಪಕವೊಂದು ನಮ್ಮ ಕಾಲದಲ್ಲಿ ಹುಟ್ಟಿದೆ. ‘ಎವ್ರಿಬಡೀಸ್ ಟಾಕಿಂಗ್ ಅಬೌಟ್ ಜೇಮಿ’ ಎಂಬ ಈ ಸಂಗೀತನಾಟಕವು ೨೦೧೭ನೆಯ ಇಸವಿಯ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದ ಕ್ರೂಸಿಬಲ್ ರಂಗಮಂದಿರದಲ್ಲಿ ಮೊದಲು ಪ್ರಯೋಗಗೊಂಡು, ಅದೇ ವರ್ಷದ ನವೆಂಬರಿನಲ್ಲಿ ಲಂಡನ್ನಿನ ಅಪೋಲೋ ರಂಗಮಂದಿರವನ್ನು ಸೇರಿತು. ಮಾತು ಮತ್ತು ಗೀತಗಳು ಟಾಮ್ ಮೆಕ್‌ರೇಯವು. ಸಂಗೀತವು ಡ್ಯಾನ್ ಗಿಲೆಸ್ಪಿ ಸೆಲ್ಸ್‌ನದು. ನಿರ್ದೇಶನವು ಜೊನಾಥನ್ ಬಟರೆಲ್ಲನದು. ಬಟರೆಲ್ಲನೇ ಇದನ್ನು ೨೦೨೧ರಲ್ಲಿ ಚಲನಚಿತ್ರವಾಗಿಯೂ ಮಾಡಿದನು. ಇತಿವೃತ್ತವು ಕೇವಲ ಕಲ್ಪಿತವಲ್ಲ. ಡರ್ಹಮ್ ಪ್ರಾಂತದ ಜೇಮಿ ಕ್ಯಾಂಪ್‌ಬೆಲ್ ಎಂಬ ಹದಿನಾರರ ಹುಡುಗನನ್ನು ಕುರಿತು ೨೦೧೧ರಲ್ಲಿ ಬಿ.ಬಿ.ಸಿ.ಯವರು ಪ್ರಸಾರಮಾಡಿದ ಸಾಕ್ಷ್ಯಚಿತ್ರವೇ ಇದಕ್ಕೆ ಮೂಲ.

ಕಥಾಸಂಕ್ಷೇಪವಿದು. ಶೆಫೀಲ್ಡಿನ ಶ್ರಮಜೀವಿಗಳ ಬಡಾವಣೆಯಲ್ಲಿ ತಾಯಿ ಮಾರ್ಗರೆಟ್ಟಳೊಡನೆ ವಾಸಿಸುವ ಜೇಮಿ ನ್ಯೂ ಎಂಬ ಹುಡುಗನಿಗೆ ಹದಿನಾರು ತುಂಬುತ್ತದೆ. ‘ಡ್ರ್ಯಾಗ್’ ಎಂದು ಆ ದೇಶದವರು ಕರೆಯುವ ಅಲಂಕೃತ ಸ್ತ್ರೀವೇಷದ ಕಲಾವಿದನಾಗಬೇಕೆಂಬುದು ಅವನ ಹಂಬಲ. ತಾಯಿಯು ಕೆಂಪು ಬಣ್ಣದ ಎತ್ತರದ ಹಿಮ್ಮಡಿಯ ಪಾದರಕ್ಷೆಗಳನ್ನು ಹುಟ್ಟುಹಬ್ಬದ ಕಾಣಿಕೆಯಾಗಿ ಕೊಡುತ್ತಾಳೆ. ತಂದೆಯು ಮನೆಯನ್ನು ಬಿಟ್ಟು ಹೋಗಿದ್ದಾನೆ. ಆದರೂ ಅವನ ಹೆಸರಿನಲ್ಲಿ ಶುಭಾಶಯದ ಪತ್ರ ಬರುತ್ತದೆ. ಮಗನು ಮೊದಲ ಸಲ ರಂಗವನ್ನೇರುವ ರಾತ್ರಿ ಹೂಗಳು ಬರುತ್ತವೆ. ಅವನ್ನು ತಾಯಿಯೇ ತಂದು ಗಂಡನ ಹೆಸರನ್ನು ಹಚ್ಚುತ್ತಿದ್ದಳೆಂಬುದು ಹುಡುಗನಿಗೆ ಮುಂದೆ ತಿಳಿದುಬರುತ್ತದೆ. ತಂದೆಯನ್ನು ಮುಖಾಮುಖಿಯಾಗಿ ಕಂಡಾಗ ದೊರೆಯುವುದು ತಿರಸ್ಕಾರ. ಶಾಲೆಯ ‘ಪ್ರಾಮ್’ ಎಂಬ ವಿದಾಯದ ನೃತ್ಯೋತ್ಸವಕ್ಕೆ ಸ್ತ್ರೀಯರ ಉಡುಪಿನಲ್ಲಿ ಬರಕೂಡದೆಂದು ಉಪಾಧ್ಯಾಯಿನಿಯಾದ ಹೆಜ್ ತಡೆಯುತ್ತಾಳೆ. ಕಡೆಯಲ್ಲಿ ಸಹಪಾಠಿಗಳು ಅವನ ಪಕ್ಷವನ್ನು ವಹಿಸಲು ಬಾಗಿಲು ತೆರೆಯುತ್ತದೆ.

ಮೇಲುನೋಟಕ್ಕೆ ಈ ರೂಪಕದ ಫಲವು ನೃತ್ಯೋತ್ಸವಪ್ರವೇಶ. ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮಗಳೆಂಬ ಐದು ಅವಸ್ಥೆಗಳನ್ನು ಇದಕ್ಕೆ ಹೊಂದಿಸಿ ತೋರಿಸುವುದು ಕಷ್ಟವಲ್ಲ. ಆದರೆ ಸಹೃದಯನು ಚಿತ್ತವಿಟ್ಟು ನೋಡಿದರೆ ನಾಯಕನು ನಿಜವಾಗಿ ಅರಸುವ ಫಲವು ಬೇರೆಯೆಂಬುದು ಗೋಚರವಾಗುತ್ತದೆ. ಅವನು ಬೇಡುವುದು ಶಾಲೆಯ ಅನುಮತಿಯನ್ನಲ್ಲ, ತಂದೆಯ ಒಂದು ನೋಟವನ್ನು. ರಂಗವನ್ನೇರುವ ರಾತ್ರಿಯಲ್ಲಿಯೂ ಅವನ ಕಣ್ಣು ಸಭೆಯಲ್ಲಿ ತಂದೆಯನ್ನೇ ಹುಡುಕುತ್ತದೆ. ಹೊರಗಿನ ಫಲವನ್ನು ಕವಿಯು ಕೊಟ್ಟನು. ಒಳಗಿನ ಫಲವನ್ನು ಕಡೆಯವರೆಗೂ ಕೊಡಲಿಲ್ಲ. ಹಾಗಾದರೆ ನಿರ್ವಹಣವು ಅಪೂರ್ಣವಾಗಲಿಲ್ಲವೇ ಎಂದು ಶಂಕಿಸಬಹುದು.

ಈ ಶಂಕೆಗೆ ಬಲವುಂಟು. ತ್ಯಕ್ತರಾದ ಮಕ್ಕಳ ಕಥೆಯನ್ನು ನಮ್ಮ ಮಹಾಕವಿಗಳು ಮಿಲನದಲ್ಲಿಯೇ ಮುಗಿಸಿದರು. ಶಾಕುಂತಲದ ಏಳನೆಯ ಅಂಕದಲ್ಲಿ ದುಷ್ಯಂತನು ಸಿಂಹದ ಮರಿಯೊಡನೆ ಸೆಣಸುವ ಬಾಲಕನನ್ನು ಕಂಡು, ಅವನಾರೆಂದು ಅರಿಯುವ ಮುನ್ನವೇ ಕರಗುತ್ತಾನೆ. ತಾಯಿತಂದೆಗಳ ಹೊರತು ಅನ್ಯರು ಮುಟ್ಟಬಾರದ ರಕ್ಷೆಯನ್ನು ನೆಲದಿಂದ ಎತ್ತಿಕೊಂಡಾಗ ಸಂಬಂಧವು ಬಯಲಾಗುತ್ತದೆ. ಉತ್ತರರಾಮಚರಿತದಲ್ಲಿಯೂ ರಾಮನು ಲವಕುಶರನ್ನು ಗುರುತಿಸುವುದಕ್ಕೆ ಮೊದಲೇ ಅವರಲ್ಲಿ ಸ್ನೇಹವನ್ನು ತಾಳುತ್ತಾನೆ. ಅಲ್ಲಿ ಬುದ್ಧಿಯು ಅರಿಯದ ಮಗನನ್ನು ಹೃದಯವು ಅರಿಯಿತು. ಈ ಆಂಗ್ಲ ರೂಪಕದಲ್ಲಿಯಾದರೋ ಕ್ರಮವು ತಲೆಕೆಳಗಾಗಿದೆ: ಬುದ್ಧಿಯು ಅರಿತ ಮಗನನ್ನೇ ಹೃದಯವು ಒಲ್ಲೆನೆನ್ನುತ್ತದೆ. ಋಷಿಶಾಪವೂ ಇಲ್ಲ, ಲೋಕಾಪವಾದದ ರಾಜಧರ್ಮವೂ ಇಲ್ಲ. ಮರೆವೆಯ ಕಾರಣವು ಹೊರಗಿದ್ದರೆ ಅದು ನೀಗಿದೊಡನೆ ಸ್ಮೃತಿಯು ಮರಳಬಹುದು. ಮರೆಯದೆಯೇ ತೊರೆದವನಿಗೆ ಯಾವ ಉಂಗುರವನ್ನು ತೋರಿಸಬೇಕು?

ಉಂಗುರದ ಮಾತು ಬಂದುದರಿಂದ ಈ ಕೃತಿಯ ಮರ್ಮವು ಅಲ್ಲಿಯೇ ಇದೆಯೆಂಬುದನ್ನು ಗಮನಿಸಬೇಕು. ಶಾಕುಂತಲದಲ್ಲಿ ಪ್ರೇಮವು ಸತ್ಯ. ಅದರ ಅಭಿಜ್ಞಾನವು ಕಳೆದುಹೋಯಿತು. ಇಲ್ಲಿ ಅಭಿಜ್ಞಾನಗಳು ಕೈಯಲ್ಲಿಯೇ ಇವೆ, ಪತ್ರವುಂಟು, ಹೂವುಂಟು. ಆದರೆ ಯಾರ ಪ್ರೇಮವನ್ನು ಅವು ಸೂಚಿಸುತ್ತವೆಂದು ಹುಡುಗನು ನಂಬಿದನೋ ಆ ಪ್ರೇಮವೇ ಇಲ್ಲ. ತಾಯಿಯ ಈ ಕಪಟವನ್ನು ಕೇವಲ ಅಸತ್ಯವೆಂದು ತಳ್ಳಿಬಿಡುವುದು ಸುಲಭ. ಜೇಮಿಯೂ ಮೊದಲು ಹಾಗೆಯೇ ತಿಳಿದು ಅವಳನ್ನು ಕ್ರೂರವಾಗಿ ನುಡಿಯುತ್ತಾನೆ. ಆದರೆ ಆ ಪತ್ರಗಳಲ್ಲಿ ಸುಳ್ಳಾದುದು ಅಂಕಿತವೊಂದೇ. ಅಂಕಿತದ ಹಿಂದಿದ್ದ ವಾತ್ಸಲ್ಯವು ಅಪ್ಪಟವಾದುದು. ತಂದೆಯು ಕೊಡದುದನ್ನು ತಂದೆಯ ಹೆಸರಿನಲ್ಲಿಯೇ ಕೊಟ್ಟು, ತನಗೆ ಬರಬೇಕಾದ ಕೃತಜ್ಞತೆಯನ್ನು ಆ ಅಪಾತ್ರನಿಗೆ ಒಪ್ಪಿಸಿ ಸುಮ್ಮನಿದ್ದವಳು ಅವಳು. ಇದನ್ನು ಮಗನು ಅರಿಯುವುದೇ ಈ ರೂಪಕದ ನಿಜವಾದ ಪ್ರತ್ಯಭಿಜ್ಞೆ. ಹುಡುಕಿದ ವಸ್ತುವು ದೊರೆಯಿತು. ಹುಡುಕಿದ ಎಡೆಯಲ್ಲಿ ಮಾತ್ರ ದೊರೆಯಲಿಲ್ಲ. ಆದುದರಿಂದ ನಿರ್ವಹಣವು ಅಪೂರ್ಣವೆಂಬ ಶಂಕೆಯು ನಿಲ್ಲುವುದಿಲ್ಲ. ಮಾರ್ಗರೆಟ್ಟಳು ಮಗನನ್ನು ನೆನೆದು ಒಂಟಿಯಾಗಿ ಹಾಡುವ ಗೀತವೂ, ಬಳಿಕ ಇಬ್ಬರೂ ಕೂಡಿ ಹಾಡುವ ಗೀತವೂ ಕೃತಿಯಲ್ಲಿ ಅತ್ಯಂತ ರಸವತ್ತಾದ ಭಾಗಗಳೆಂಬುದು ಇದಕ್ಕೆ ಸಾಕ್ಷಿ.

ರಸವಿಚಾರದಲ್ಲಿಯೂ ಒಂದು ಸೂಕ್ಷ್ಮವುಂಟು. ತಂದೆಯು ಮಗನನ್ನು ಕುರಿತು ತಾಳುವ ಭಾವವು ಕೋಪವಲ್ಲ, ಜುಗುಪ್ಸೆ. ಕೋಪವಾಗಿದ್ದರೆ ಅದು ಎಂದಾದರೂ ಆರುತ್ತಿತ್ತು. ಜುಗುಪ್ಸೆಗೆ ಗುರಿಯಾದ ಹುಡುಗನು ಕ್ರಮೇಣ ತನ್ನನ್ನು ತಾನೇ ಆ ಕಣ್ಣಿನಿಂದ ನೋಡಲಾರಂಭಿಸುತ್ತಾನೆ; ತಂದೆಯ ಮಾತು ತಲೆಯೊಳಗೆ ಗೋಡೆಯಾಗಿ ನಿಂತಿತೆಂದು ಹಾಡಿಕೊಳ್ಳುತ್ತಾನೆ. ಅವನ ವೇಷದ ಥಳಕು, ಚೇಷ್ಟೆ, ಹಾಸ್ಯಗಳೆಲ್ಲವೂ ಆ ಬೀಭತ್ಸದೃಷ್ಟಿಯನ್ನು ಅದ್ಭುತವಾಗಿ ಮಾರ್ಪಡಿಸುವ ಯತ್ನವೆಂದು ತಿಳಿದರೆ ಹಾಸ್ಯದ ಅಡಿಯಲ್ಲಿ ಹರಿಯುವ ಕರುಣವು ಕಾಣುತ್ತದೆ. ಹಳೆಯ ವೇಷಧಾರಿಯಾದ ಹ್ಯೂಗೋ ಎಂಬವನ ಪತಾಕಾವೃತ್ತಾಂತವೂ ಇದನ್ನೇ ಪೋಷಿಸುತ್ತದೆ. ಚಿತ್ರಕ್ಕೆಂದೇ ಹೊಸದಾಗಿ ರಚಿಸಿದ ಅವನ ಗೀತವು ೧೯೮೦ರ ದಶಕದ ಏಡ್ಸ್ ವ್ಯಾಧಿಯ ದಾರುಣಕಾಲವನ್ನು ಸ್ಮರಣೆಗೆ ತರುವುದರಿಂದ, ಹುಡುಗನ ಇಂದಿನ ಸ್ವಾತಂತ್ರ್ಯವು ಹಿಂದಿನವರ ಕಣ್ಣೀರಿನ ಫಲವೆಂಬುದು ಧ್ವನಿತವಾಗುತ್ತದೆ.

ಇನ್ನು ವೇಷದ ವಿಚಾರ. ಮಹಾಭಾಷ್ಯಕಾರನು ಸ್ತ್ರೀಪ್ರತ್ಯಯಪ್ರಕರಣದಲ್ಲಿ, ಹೊರಗೆ ಕಾಣುವ ಸ್ತನಕೇಶಾದಿಗಳಿಂದಲೇ ಲಿಂಗವನ್ನು ನಿರ್ಣಯಿಸುವುದಾದರೆ ಭ್ರೂಕುಂಸಶಬ್ದಕ್ಕೂ ಸ್ತ್ರೀಪ್ರತ್ಯಯವನ್ನು ಹಚ್ಚಬೇಕಾದೀತೆಂದು ದೋಷವನ್ನು ತೋರಿಸಿರುವನು. ಅದು ಶಬ್ದದ ಲಿಂಗವನ್ನು ಕುರಿತ ಚರ್ಚೆ. ಆದರೂ ಅದರ ನ್ಯಾಯವು ಇಲ್ಲಿಗೆ ಸಲ್ಲುತ್ತದೆ. ಹೊರಗಿನ ಚಿಹ್ನದಿಂದ ಒಳಗಿನ ವಸ್ತುವನ್ನು ನಿರ್ಣಯಿಸಬಾರದು. ಜೇಮಿಯ ತಂದೆಯು ಮಾಡಿದ ತಪ್ಪು ಇದೇ. ಉಡುಪೊಂದನ್ನು ಕಂಡು ಮಗನೇ ಇಲ್ಲವೆಂದು ನಿರ್ಣಯಿಸಿದನು. ನಮ್ಮ ಯಕ್ಷಗಾನದ ಸ್ತ್ರೀವೇಷದವನು ಚೌಕಿಯಲ್ಲಿ ಬಣ್ಣವನ್ನು ಒರಸಿದೊಡನೆ ಪಾತ್ರದಿಂದ ಹೊರಗೆ ಬರುತ್ತಾನೆ. ವೇಷವು ದ್ರೌಪದಿಯದು, ಸುಭದ್ರೆಯದು, ಅವನದಲ್ಲ. ಜೇಮಿಯು ರಂಗದಲ್ಲಿ ಮಿಮಿ ಮೀ ಎಂಬ ಹೆಸರನ್ನು ತಾಳುವಾಗ ಅವನೂ ಹಾಗೆಯೇ ಪಾತ್ರಧಾರಿ. ಆದರೆ ಕಡೆಯ ದೃಶ್ಯದಲ್ಲಿ ಅವನು ಮಿಮಿಯಾಗಿ ಬರುವುದಿಲ್ಲ. ಸ್ತ್ರೀಯರ ಉಡುಪನ್ನುಟ್ಟು ಜೇಮಿಯಾಗಿಯೇ ಬರುತ್ತಾನೆ. ವೇಷವು ಹೋಯಿತು, ಉಡುಪು ಉಳಿಯಿತು. ತಂದೆಯ ಒಪ್ಪಿಗೆಯನ್ನು ಬೇಡುವವರೆಗೆ ಅವನಿಗೆ ಇನ್ನೊಂದು ಹೆಸರಿನ ಆಸರೆ ಬೇಕಾಗಿತ್ತು. ಬೇಡುವುದನ್ನು ಬಿಟ್ಟ ಮೇಲೆ ತನ್ನ ಹೆಸರೇ ಸಾಕಾಯಿತು. ಹಿಂದೂ ಹೆಸರುಳ್ಳ ಮುಸಲ್ಮಾನ ಕನ್ಯೆಯಾದ ಪ್ರಿಟಿಯು, ತಲೆವಸ್ತ್ರವನ್ನು ತನ್ನ ಇಚ್ಛೆಯಿಂದಲೇ ಧರಿಸುವವಳು, ಅವನಿಗೆ ಆಪ್ತಸಖಿಯಾಗಿರುವುದು ಇದೇ ಅರ್ಥವನ್ನು ಮತ್ತೊಂದು ಪಕ್ಕದಿಂದ ತೋರಿಸುತ್ತದೆ.

ಗುಣಗಳನ್ನು ಹೇಳಿದಂತೆ ದೋಷವನ್ನೂ ಹೇಳಬೇಕು. ಈ ಕೃತಿಯಲ್ಲಿ ತಂದೆಗೆ ಪೂರ್ವಪಕ್ಷವೇ ಇಲ್ಲ. ಮೀಮಾಂಸಕನು ತಾನು ಖಂಡಿಸಬೇಕಾದ ಮತವನ್ನು ಮೊದಲು ಅದರ ಪೂರ್ಣಬಲದೊಡನೆ ಮಂಡಿಸುವನು. ಪೂರ್ವಪಕ್ಷವು ದುರ್ಬಲವಾದರೆ ಸಿದ್ಧಾಂತವೂ ಸತ್ತ್ವಹೀನವಾಗುವುದು. ಇಲ್ಲಿ ತಂದೆಯು ಬಂದು, ತಿರಸ್ಕರಿಸಿ, ಹೋಗುತ್ತಾನೆ. ಅವನು ಕಲ್ಲಾದುದು ಹೇಗೆಂಬುದನ್ನು ಕವಿಯು ವಿಚಾರಿಸುವುದಿಲ್ಲ. ಸಾಧನಗಳು ಇಲ್ಲದೆ ಇರಲಿಲ್ಲ. ಸಲಿಂಗಪ್ರೇಮವನ್ನು ಪ್ರೋತ್ಸಾಹಿಸಬಾರದೆಂದು ಸ್ಥಳೀಯ ಸಂಸ್ಥೆಗಳಿಗೆ ವಿಧಿಸಿದ ಇಪ್ಪತ್ತೆಂಟನೆಯ ವಿಭಾಗವು ೧೯೮೮ರಲ್ಲಿ ಶಾಸನವಾಗಿ, ಇಂಗ್ಲೆಂಡಿನಲ್ಲಿ ೨೦೦೩ರವರೆಗೆ ಜಾರಿಯಲ್ಲಿತ್ತು. ಆ ವಾತಾವರಣದಲ್ಲಿ ಬೆಳೆದ ತಲೆಮಾರಿನವನೊಬ್ಬನ ಭಯವನ್ನೂ ನಾಚಿಕೆಯನ್ನೂ ನಾಲ್ಕು ಮಾತುಗಳಲ್ಲಿ ಸೂಚಿಸಿದ್ದರೆ, ಪ್ರೇಕ್ಷಕನು ಅವನನ್ನು ಕ್ಷಮಿಸದಿದ್ದರೂ ಮನುಷ್ಯನೆಂದು ಕಾಣುತ್ತಿದ್ದನು. ಮಗನ ದುಃಖವೂ ಇಮ್ಮಡಿಯಾಗುತ್ತಿತ್ತು. ದುಷ್ಯಂತನನ್ನು ಕಾಳಿದಾಸನು ಪಶ್ಚಾತ್ತಾಪದಲ್ಲಿ ಬೇಯಿಸಿದುದರಿಂದಲೇ ಏಳನೆಯ ಅಂಕದ ಸುಖವು ನಂಬುವಂತಾಯಿತೆಂಬುದನ್ನು ಇಲ್ಲಿ ನೆನೆಯಬಹುದು. ಹಾಗೆಯೇ ನಾಯಕನನ್ನು ಪೀಡಿಸುತ್ತಿದ್ದ ಡೀನ್ ಎಂಬ ಸಹಪಾಠಿಯು ಕಡೆಯಲ್ಲಿ ಒಮ್ಮೆಗೇ ಮೃದುವಾಗುವುದಕ್ಕೆ ಸಾಕಷ್ಟು ಬೀಜಾವಾಪವಾಗಿಲ್ಲ.

ಈ ದೋಷಗಳಿದ್ದರೂ ಕೃತಿಯು ಮಾಡಿದ ಒಂದು ಸಾಹಸವನ್ನು ಒಪ್ಪಬೇಕು. ತಂದೆಯನ್ನು ಕಡೆಯ ದೃಶ್ಯಕ್ಕೆ ಎಳೆದುತಂದು ಅಳಿಸಿ, ಮಗನನ್ನು ಅಪ್ಪಿಕೊಳ್ಳುವಂತೆ ಮಾಡುವುದು ಕವಿಗೆ ಕಷ್ಟವಾಗಿರಲಿಲ್ಲ, ಸಭೆಯೂ ಚಪ್ಪಾಳೆಯಿಕ್ಕುತ್ತಿತ್ತು. ಹಾಗೆ ಮಾಡಿದ್ದರೆ ತಂದೆಯು ಒಪ್ಪಿದಾಗ ಮಾತ್ರ ಮಗನ ಬಾಳು ಸಾರ್ಥಕವೆಂಬ ಅರ್ಥವು ಹೊರಡುತ್ತಿತ್ತು. ಕವಿಯು ಆ ಸುಲಭವನ್ನು ತೊರೆದನು. ಬಾಗಿಲನ್ನು ತೆರೆಯದ ತಂದೆಯರು ಲೋಕದಲ್ಲಿ ಉಂಟು. ಅಂತಹವರ ಮಕ್ಕಳು ಆ ಹೊಸ್ತಿಲಲ್ಲಿಯೇ ಆಯುಷ್ಯವನ್ನು ಕಳೆಯಬೇಕಾಗಿಲ್ಲವೆಂಬುದು ಈ ರೂಪಕದ ಸಿದ್ಧಾಂತ. ಆದರೆ ಆ ಬಾಗಿಲು ಮುಚ್ಚಿಯೇ ಇದೆಯೆಂಬುದನ್ನು ಕಡೆಯ ನೃತ್ಯದ ಸಡಗರದಲ್ಲಿಯೂ ಪ್ರೇಕ್ಷಕನು ಮರೆಯಲಾರನು.