ಹಿಸ್ಟಮಿನ್ ಎಂಬ ತಿದ್ದುಪಡಿ

ಸಿಡ್ನಿ ಸುತ್ತಲಿನ ಕಡಲಲ್ಲಿ ಹೋಲೋಪ್ನ್ಯೂಸ್ಟೀಸ್ ಪರ್ಪ್ಯುರಾಸೆನ್ಸ್ ಎಂಬ ಸಮುದ್ರ ಅರ್ಚಿನ್ ಇದೆ. ಅದರ ಎಳೆಯ ಮರಿಗಳು ಹೆಚ್ಚಾಗಿ ಸಿಗುವುದು ಡೆಲಿಸಿಯಾ ಪುಲ್ಕ್ರಾ ಎಂಬ ಕೆಂಪು ಕಡಲಪಾಚಿಯ ಮೇಲೆ. ಕಣ್ಣಿಲ್ಲದ, ನೀರಲ್ಲಿ ತೇಲುವ ಲಾರ್ವಾಕ್ಕೆ ಇಳಿಯುವ ಜಾಗ ಇದೇ ಎಂದು ತಿಳಿಯುವುದು ಹೇಗೆ? 2000ದಲ್ಲಿ ಜೇನ್ ವಿಲಿಯಮ್ಸನ್ ಮತ್ತು ಸಂಗಡಿಗರು ‘ಬಯಾಲಾಜಿಕಲ್ ಬುಲೆಟಿನ್’ ಪತ್ರಿಕೆಯಲ್ಲಿ ಉತ್ತರ ಕೊಟ್ಟರು: ಪಾಚಿಯಲ್ಲಿರುವ ಫ್ಲೋರಿಡೋಸೈಡ್ ಮತ್ತು ಐಸೆಥಿಯೋನಿಕ್ ಆಮ್ಲದ ಜೋಡಿ. 2004ರಲ್ಲಿ ರೆಬೆಕಾ ಸ್ವಾನ್ಸನ್ ಮೊದಲ ಲೇಖಕಿಯಾಗಿ, ವಿಲಿಯಮ್ಸನ್ ಕೂಡ ಜೊತೆಗಿದ್ದು, ಆ ಉತ್ತರವನ್ನು ತಿದ್ದಿದರು. ಲಾರ್ವಾವನ್ನು ಕರೆಯುವುದು ಹಿಸ್ಟಮಿನ್. ತಿದ್ದುಪಡಿ ಬಂದದ್ದೂ ಅದೇ ಪತ್ರಿಕೆಯಲ್ಲಿ.

ಈ ಕರೆ ಸಣ್ಣ ಸಂಗತಿಯಲ್ಲ. ಮರಿ ಅರ್ಚಿನ್‌ನ ಒಡಲು ಲಾರ್ವಾದೊಳಗೆ, ಸಾಮಾನ್ಯವಾಗಿ ಎಡಮಗ್ಗುಲಲ್ಲಿ, ಮೊದಲೇ ಸಿದ್ಧವಾಗಿ ಕಾದಿರುತ್ತದೆ. ಸೂಚನೆ ಸಿಕ್ಕಿತೋ, ಲಾರ್ವಾದ ಮೈ ಕುಗ್ಗುತ್ತದೆ, ಕೊಳವೆಗಾಲುಗಳೂ ಮುಳ್ಳುಗಳೂ ಹೊರಬರುತ್ತವೆ. ಮತ್ತೆ ಲಾರ್ವಾ ಆಗಲು ಬಾರದು. ಇಂಥ ನಿರ್ಧಾರಕ್ಕೆ ಕಾರಣವಾಗುವ ವಸ್ತು ಅಲರ್ಜಿಯಲ್ಲಿ ನಮಗೆ ತುರಿಕೆ, ಸೀನು ತರುವ ಅದೇ ರಾಸಾಯನಿಕ!

ಮೊದಲ ಉತ್ತರದ ಬಗ್ಗೆ ಆಗಲೇ ಅನುಮಾನ ಹುಟ್ಟಬೇಕಿತ್ತು ಎಂದು ನನಗನಿಸುತ್ತದೆ. ಫ್ಲೋರಿಡೋಸೈಡ್ ಕೆಂಪುಪಾಚಿಗಳಲ್ಲಿ ಧಾರಾಳವಾಗಿರುವ ವಸ್ತು. ಎಲ್ಲೆಡೆ ಇರುವುದು ಒಂದೇ ಪಾಚಿಯ ಗುರುತಾಗುವುದೆಂತು? ಹೇರಳವಾಗಿರುವುದರ ನೆರಳಲ್ಲಿ ತೀರ ಅಲ್ಪವಾಗಿರುವುದು ಅಡಗಬಲ್ಲದು. ಎರಡನೆಯ ಪ್ರಬಂಧ ಅಯಾನು ವಿನಿಮಯ ವಿಧಾನದಿಂದ ಪಾಚಿಯ ಸಾರವನ್ನು ಇನ್ನೂ ಸೋಸಿ, ಅಣುರಚನೆ ತೋರಿಸುವ ಎನ್‌ಎಂಆರ್‌ನಿಂದ ಗುರುತು ಹಿಡಿದು, ಕೊನೆಗೆ ಕೃತಕ ಹಿಸ್ಟಮಿನ್ ಕೊಟ್ಟು ನೋಡಿತು. ಲಾರ್ವಾಗಳು ಅದಕ್ಕೂ ಸ್ಪಂದಿಸಿದವು. ವಾದ ಗಟ್ಟಿಯಾದದ್ದು ಈ ಕೊನೆಯ ಹೆಜ್ಜೆಯಿಂದ.

ಆದರೂ ಲಾರ್ವಾಗಳ ಈ ಸ್ಪಂದನ ಕಂಡದ್ದು ಪ್ರಯೋಗಾಲಯದ ಬಟ್ಟಲಿನಲ್ಲಿ. ಅಲೆ ಹೊಡೆಯುವ ಬಂಡೆಯ ಬಳಿ ಪಾಚಿಯಿಂದ ಸೋರಿದ ಹಿಸ್ಟಮಿನ್ ಎಷ್ಟು ದೂರ, ಎಷ್ಟು ಹೊತ್ತು ಉಳಿದೀತು? ಬ್ರಯನ್ ಗೇಲಾರ್ಡ್, ಜೇಸನ್ ಹೋಡಿನ್ ಮೊದಲಾದವರು 2013ರಲ್ಲಿ ಮತ್ತೊಂದು ಅರ್ಚಿನ್‌ನ ಲಾರ್ವಾಗಳನ್ನು ಸ್ವಲ್ಪ ಹೊತ್ತು ರಭಸದ ನೀರಿಗೊಡ್ಡಿದಾಗ ಅವು ಅವಧಿಗೆ ಮುನ್ನವೇ ರಾಸಾಯನಿಕ ಸೂಚನೆಗೆ ಓಗೊಟ್ಟವು. ಅಂದರೆ ನೀರಿನ ರಭಸವೂ ಸೂಚನೆಯ ಭಾಗ. ಹೆಲಿಯೊಸಿಡಾರಿಸ್ ಎರಿತ್ರೊಗ್ರಾಮಾ ಎಂಬ ಇನ್ನೊಂದು ಆಸ್ಟ್ರೇಲಿಯನ್ ಅರ್ಚಿನ್‌ಗಂತೂ ಸುಣ್ಣದ ಪಾಚಿಯ ಮೇಲಿನ ಬ್ಯಾಕ್ಟೀರಿಯಾಗಳು ಪ್ರೇರಕ ಎಂದು 2006ರ ವರದಿ.

ಹಾಗಾಗಿ ಹಿಸ್ಟಮಿನ್ ಅನ್ನು ಎಲ್ಲ ಅರ್ಚಿನ್‌ಗಳ ಕೀಲಿಕೈ ಎಂದು ಹೊಗಳುವುದು ಅತಿಯಾದೀತು. ರಸಾಯನಶಾಸ್ತ್ರದ ಮಟ್ಟಿಗೆ 2004ರ ಪ್ರಬಂಧ ಗೆದ್ದಿದೆ. ಕಡಲಿನ ಮಟ್ಟಿಗೆ ಅರ್ಧ ದಾರಿಯಲ್ಲಿದೆ. ಓದುವವರು 2000ದ ಪ್ರಬಂಧವನ್ನೂ ಪಕ್ಕದಲ್ಲಿಟ್ಟುಕೊಂಡೇ ಓದಬೇಕು.