ಅದ್ಭುತಕಥೆಯ ಆಟಗಳಲ್ಲಿ ರೇಖೆ ಮತ್ತು ರಸ

ಆಟಗಾರನು ಪಾತ್ರವನ್ನು ವಹಿಸಿ ಆಡುವ ಜಪಾನೀ ಅದ್ಭುತಕಥೆಯ ಆಟಗಳ ಚಿತ್ರಗಳೆಲ್ಲವೂ ‘ಅನಿಮೆ’ ಎಂಬ ಚಲಚಿತ್ರಕಲೆಯ ಪ್ರಭಾವದಿಂದ ಹುಟ್ಟಿದುವೆಂದು ಹೇಳುವುದು ವಾಡಿಕೆ. ಈ ಮಾತು ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಾರ್ಹವಾಗಿದೆ.

೧೯೭೪ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟದಲ್ಲಿ ಹಸುರು ಲೋಳೆಯು ಮರವನ್ನೂ ಲೋಹವನ್ನೂ ತಿನ್ನುವ ಬೀಭತ್ಸವಸ್ತು. ಅದೇ ಪರಂಪರೆಯ ಲೋಳೆಯನ್ನು ಯೂಜಿ ಹೋರೀಯವರು ೧೯೮೬ರ ‘ಡ್ರಾಗನ್ ಕ್ವೆಸ್ಟ್’ಗಾಗಿ ಕರಗಿದ ಮುದ್ದೆಯಂತೆ ಗೀಚಿಕೊಟ್ಟರು, ಅಕಿರಾ ತೋರಿಯಾಮರು ಅದನ್ನು ನಗುಮೊಗದ ಹನಿಯಾಗಿ ತಿದ್ದಿದರು. ವಸ್ತು ಉಳಿಯಿತು, ರಸವು ಹಾಸ್ಯಕ್ಕೆ ತಿರುಗಿತು.

ತೋರಿಯಾಮರಾದರೋ ಪತ್ರಿಕೆಗಳ ಚಿತ್ರಕಥೆಗಾರರು. ಅವರ ಕೃತಿಗಳು ಅನಿಮೆಯಾದುದು ಆಮೇಲೆ. ೧೯೮೭ರ ‘ಫೈನಲ್ ಫ್ಯಾಂಟಸಿ’ಗೆ ಚಿತ್ರ ಬರೆದ ಯೋಶಿತಾಕಾ ಅಮಾನೋ ಅವರು ತತ್ಸುನೊಕೊ ಎಂಬ ಅನಿಮೆ ಸಂಸ್ಥೆಯಲ್ಲಿಯೇ ಪಳಗಿದವರು. ಆದರೂ ಅವರ ತೆಳುವರ್ಣದ ನೀಳಾಕೃತಿಗಳಲ್ಲಿ ಆ ಕಲೆಯ ರೂಢಿಗಿಂತ ಹಳೆಯ ಜಪಾನೀ ಮುದ್ರಾಚಿತ್ರಗಳ ಛಾಯೆಯೇ ಹೆಚ್ಚು. ಅಲ್ಲಿನ ಭಾವ ವಿಷಾದಗಂಭೀರ. ಇಬ್ಬರನ್ನೂ ಒಂದೇ ಹೆಸರಿನಿಂದ ಕರೆದರೆ ಅಮಾನೋ ಅವರ ಕಲೆ ಕಣ್ಣಿಗೆ ಬೀಳದೆ ಹೋಗುವುದು.

ಆದುದರಿಂದ ಪ್ರಭಾವದ ಮಾತನ್ನು ಎತ್ತುವ ಮೊದಲು, ರೇಖೆಯು ಯಾವ ರಸವನ್ನು ಪೋಷಿಸುತ್ತಿದೆಯೆಂದು ನೋಡುವುದು ವಿಮರ್ಶಕನ ಕರ್ತವ್ಯ.