ಸಂಭಾಷಣಗೋಷ್ಠಿಗಳ ಗಣಿತ: ಒಂದು ವಿಮರ್ಶೆ

ಜನರು ಸ್ವಚ್ಛಂದವಾಗಿ ಕಲೆಯುವ ಸ್ಥಳಗಳಲ್ಲಿ ಮಾತಿನ ಗುಂಪುಗಳು ಏರ್ಪಡುವುದೂ ಒಡೆಯುವುದೂ ಸರ್ವರಿಗೂ ವಿದಿತವಾದ ವಿಷಯ. ಈ ಚಾಂಚಲ್ಯದಲ್ಲಿಯೂ ಒಂದು ನಿಯಮವುಂಟೆಂದು ಪ್ರತಿಪಾದಿಸಿದವರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಜೇಮ್ಸ್ ಕೋಲ್ಮನ್, ಜಾನ್ ಜೇಮ್ಸ್ ಎಂಬಿಬ್ಬರು ಗಣ್ಯರು. 1961ರಲ್ಲಿ ‘ಸೋಶಿಯೋಮೆಟ್ರಿ’ ಪತ್ರಿಕೆಯಲ್ಲಿ ಪ್ರಕಟವಾದ ಇವರ ಲೇಖನವು ಇಂದಿಗೂ ವಿಚಾರಾರ್ಹವಾಗಿರುವುದು.

ಲೇಖಕರ ಕಲ್ಪನೆ ಸರಳವಾದುದು. ಒಂಟಿಯಾಗಿರುವವನು ಯಾವುದಾದರೊಂದು ಗುಂಪನ್ನು, ಅದರ ಹಿರಿದುಕಿರಿದುಗಳನ್ನು ಗಣಿಸದೆ, ಸೇರುವನು. ಗುಂಪಿನಲ್ಲಿರುವ ಪ್ರತಿಯೊಬ್ಬನೂ ಇತರರನ್ನು ಅಪೇಕ್ಷಿಸದೆ, ಸಮಾನವಾದ ಸಂಭವದಿಂದ, ತಾನೊಬ್ಬನೇ ಬಿಟ್ಟುಹೋಗುವನು. ಸೇರಿಕೆ ಅಗಲಿಕೆಗಳು ಸಮತೂಕಕ್ಕೆ ಬಂದಾಗ ಗುಂಪುಗಳ ಗಾತ್ರವು ಸೊನ್ನೆಯನ್ನು ಬಿಟ್ಟ ಪಾಯ್ಸನ್ ವಿತರಣೆಯನ್ನು ಅನುಸರಿಸುವುದು. ಉದಾಹರಣೆಗೆ, ಆ ವಿತರಣೆಯ ಮಾನಾಂಕವನ್ನು 1 ಎಂದಿಟ್ಟುಕೊಂಡರೆ, ಒಂಟಿಗರು 24 ಇರುವಲ್ಲಿ ಜೋಡಿಗಳು 12, ಮೂವರ ಗುಂಪುಗಳು 4, ನಾಲ್ವರದು 1 ಎಂಬ ಪ್ರಮಾಣವು ದೊರೆಯುವುದು. ಜೇಮ್ಸರು ಸಾರ್ವಜನಿಕ ಸ್ಥಳಗಳ ಗುಂಪುಗಳನ್ನು ಎಣಿಸಿ 1953ರಲ್ಲಿ ಪ್ರಕಟಿಸಿದ ಅಂಕಿಗಳಿಗೆ ಈ ಸೂತ್ರವು ಬಹುಮಟ್ಟಿಗೆ ಹೊಂದಿತು. ಇಷ್ಟು ಅಲ್ಪವಾದ ಸಾಮಗ್ರಿಯಿಂದ ಇಷ್ಟು ವಿಶದವಾದ ಫಲವನ್ನು ಪಡೆದುದು ಶ್ಲಾಘ್ಯವೇ ಸರಿ.

ಆದರೆ ಫಲವು ಹೊಂದಿದ ಮಾತ್ರದಿಂದ ಕಾರಣವು ಸಿದ್ಧಿಸುವುದೆ? ಬಹುಸಂಖ್ಯೆಯ ಮನೆಗಳುಳ್ಳ ಮಣೆಯೊಂದರ ಮೇಲೆ, ಮನೆಗೊಂದರಂತೆ ಸರಾಸರಿ ಬರುವಷ್ಟು ಕಾಳುಗಳನ್ನು ಯದೃಚ್ಛೆಯಾಗಿ ಚೆಲ್ಲಿ, ಬರಿದಾದ ಮನೆಗಳನ್ನು ಬಿಟ್ಟು ಉಳಿದವನ್ನು ಎಣಿಸಿದರೆ, ಅಲ್ಲಿಯೂ 24, 12, 4, 1 ಎಂಬ ಪ್ರಮಾಣವೇ ತೋರುವುದು. ಕಾಳುಗಳು ಬಿದ್ದ ಮೇಲೆ ಒಂದು ಮನೆಯಿಂದ ಮತ್ತೊಂದಕ್ಕೆ ಹೋಗುವುದಿಲ್ಲ, ಬರುವುದಿಲ್ಲ, ಮಾತನ್ನಂತೂ ಆಡವು. ಸೇರಿಕೆ ಅಗಲಿಕೆಗಳೆಂಬ ಸಾಧ್ಯವಿಲ್ಲದೆಡೆಯಲ್ಲಿಯೂ ವಿತರಣೆಯೆಂಬ ಹೇತುವು ಕಾಣುವುದರಿಂದ ನೈಯಾಯಿಕರು ಹೇಳುವ ವ್ಯಭಿಚಾರದೋಷವು ಇಲ್ಲಿ ಸ್ಪಷ್ಟವಾಗಿದೆ.

ಎರಡನೆಯ ಆಕ್ಷೇಪವು ಇದಕ್ಕಿಂತ ಗುರುತರವಾದುದು. ಈ ಕಲ್ಪನೆಯಲ್ಲಿ ಗುಂಪು ಕರಗುವುದು ಒಬ್ಬೊಬ್ಬನಾಗಿ. ಇಬ್ಭಾಗವಾಗಿ ಒಡೆಯುವುದಕ್ಕೆ ಅವಕಾಶವೇ ಇಲ್ಲ. ಸಂಭಾಷಣೆಯಾದರೋ ಒಡೆಯುವುದು ಹಾಗಲ್ಲ. ಸ್ಯಾಕ್ಸ್, ಷೆಗ್ಲಾಫ್, ಜೆಫರ್ಸನ್ ಎಂಬ ಮೂವರು 1974ರಲ್ಲಿ ಮಾತಿನ ಸರದಿಯನ್ನು ವಿವೇಚಿಸುತ್ತ, ನಾಲ್ವರು ಕೂಡಿದಲ್ಲಿ ಒಂದು ಸಂಭಾಷಣೆಯು ಎರಡಾಗಬಲ್ಲುದೆಂದು ಗುರುತಿಸಿದರು. ಮೂವರಲ್ಲಿ ಇಬ್ಬರು ಬೇರೆ ಮಾತಿಗೆ ತೊಡಗಿದರೆ ಮೂರನೆಯವನಿಗೆ ಜೊತೆಯಿಲ್ಲ; ನಾಲ್ವರಲ್ಲಿ ಎರಡು ಜೋಡಿಗಳಾಗುವುವು. ಒಂಬತ್ತನೆಯ ಶತಮಾನದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟಿರುವ ಭಂಗಗಣನೆಯ ಸೂತ್ರದಿಂದಲೇ ಇದನ್ನು ಲೆಕ್ಕಿಸಬಹುದು. ನಾಲ್ವರು ಎರಡು ಗೋಷ್ಠಿಗಳಾಗುವ ಬಗೆಗಳು 3, ಐವರಿಗೆ 10, ಆರುಮಂದಿಗೆ 25. ಬಗೆಗಳು ಹೆಚ್ಚಿದ ಮಾತ್ರಕ್ಕೆ ಗೋಷ್ಠಿಯು ಒಡೆಯಲೇಬೇಕೆಂಬ ನಿಯಮವಿಲ್ಲ. ಆದರೂ ಒಡೆಯುವ ದಾರಿಗಳು ಗಾತ್ರದೊಡನೆ ವೇಗವಾಗಿ ಬೆಳೆಯುವುದನ್ನು ಉಪೇಕ್ಷಿಸಲಾಗದು. ರಾಬಿನ್ ಡನ್‌ಬಾರ್ ಮತ್ತು ಅವರ ಸಹಕಾರಿಗಳು 1995ರಲ್ಲಿ, ಸಂಭಾಷಣೆಯೊಂದರಲ್ಲಿ ಭಾಗಿಗಳಾಗುವವರ ಮಿತಿಯು ಸುಮಾರು ನಾಲ್ಕೆಂದು ನಿರೂಪಿಸಿರುವುದೂ ಇಲ್ಲಿ ಸ್ಮರಣೀಯ.

ಕೋಲ್ಮನ್-ಜೇಮ್ಸರು ತಮ್ಮ ಗುಂಪುಗಳೆಲ್ಲವೂ ಸಂಭಾಷಣೆಗಳೆಂದು ಹೇಳಿದವರಲ್ಲ. ಬೀದಿಯಲ್ಲಿ ಜೊತೆಗೂಡಿ ನಡೆಯುವವರ ವಿಷಯದಲ್ಲಿ ಅವರ ಕಲ್ಪನೆಯು ಸಾಧುವಾಗಬಹುದೆಂದು ಸಮಾಧಾನ ಹೇಳಬಹುದು. ಇದು ಒಪ್ಪತಕ್ಕುದೇ. ಆದರೆ ಅದೇ ಸೂತ್ರವನ್ನು ಮಾತಿನ ಗೋಷ್ಠಿಗೆ ಅನ್ವಯಿಸಬೇಕಾದರೆ ಒಂದು ಕ್ಷಣದ ಗಾತ್ರಗಳನ್ನು ಎಣಿಸಿದರೆ ಸಾಲದು. ನಾಲ್ವರಿಂದ ಒಬ್ಬನು ಎದ್ದುಹೋದ ಸಲಗಳೆಷ್ಟು, ನಾಲ್ವರೂ ಕುಳಿತಲ್ಲಿಯೇ ಎರಡು ಜೋಡಿಗಳಾದ ಸಲಗಳೆಷ್ಟು ಎಂಬುದನ್ನು ಕಾಲಕ್ರಮದಲ್ಲಿ ಬೇರೆಬೇರೆಯಾಗಿ ಬರೆದಿಡಬೇಕು. ಗಾತ್ರದಲ್ಲಿ ಏಕರೂಪವಾಗಿ ತೋರುವ ಕಲ್ಪನೆಗಳು ಈ ಪರಿವರ್ತನೆಗಳಲ್ಲಿ ಪರಸ್ಪರ ಭಿನ್ನವಾಗುವುವು. ಅಂತಹ ಗಣನೆಯು ದೊರೆಯುವವರೆಗೆ ಈ ಸೂತ್ರವನ್ನು ಗುಂಪುಗಳ ಗಾತ್ರದ ಸಂಕ್ಷೇಪವೆಂದು ಗ್ರಹಿಸುವುದು ಯುಕ್ತವೇ ಹೊರತು, ಸಂಭಾಷಣೆಯ ಉತ್ಪತ್ತಿವಿಭಾಗಗಳ ಕಾರಣವೆಂದು ಗ್ರಹಿಸುವುದು ಯುಕ್ತವಲ್ಲ.